ಮ್ಯಾನೇಜರನ ಮಂಡಿ

ಮನೆಯಲ್ಲಿ ಅವನನ್ನು ಎಲ್ಲರೂ ಮ್ಯಾನೇಜರ್ ಎಂದೇ ಕರೆಯುತ್ತಿದ್ದರು. ಆ ಪದವಿ ತಾನಾಗಿ ಬಂದದ್ದಲ್ಲ. ಊಟಕ್ಕೆ ಕೂತಾಗಲೆಲ್ಲ ಅವನೇ ಜಂಬ ಕೊಚ್ಚಿ ಗಿಟ್ಟಿಸಿಕೊಂಡದ್ದು. “ಗಂಡಸರ ಸೆಕ್ಷನ್ ಪೂರ್ತಿ ನಂದೇ. ನಾನಿಲ್ದೆ ಅಲ್ಲಿ ಒಂದು ಡಬ್ಬ ಅಲ್ಲಾಡಲ್ಲ” ಎನ್ನುತ್ತಿದ್ದ. ಮಾತು ಸುಳ್ಳೇನಲ್ಲ. ಆ ಚಪ್ಪಲಿ ಅಂಗಡಿಯಲ್ಲಿ ಡಬ್ಬ ಇಳಿಸುವವನೂ ಅವನೇ, ಏರಿಸುವವನೂ ಅವನೇ, ಗಿರಾಕಿಯ ಕಾಲಬುಡದಲ್ಲಿ ಮಂಡಿಯೂರಿ ಶೂ ತೊಡಿಸುವವನೂ ಅವನೇ. ಪ್ಯಾಂಟು ಮಂಡಿಯ ಹತ್ತಿರ ಮಾತ್ರ ಯಾಕೋ ಸವೆಯುತ್ತೆ ಎಂದು ಅಮ್ಮ ಕೇಳಿದರೆ, “ಬಟ್ಟೆ ಕಳಪೆ ಕಣಮ್ಮಾ” ಎಂದು ತಪ್ಪನ್ನು ಬಟ್ಟೆ ಅಂಗಡಿಯವನ ತಲೆಗೆ ಕಟ್ಟುತ್ತಿದ್ದ.

ಈ ರಾಜ್ಯಭಾರ ಹೀಗೇ ಸಾಗುತ್ತಿತ್ತೇನೋ. ಅಷ್ಟರಲ್ಲಿ ಅವನ ತಂಗಿಯೇ ಅದೇ ಅಂಗಡಿಗೆ ಕೆಲಸಕ್ಕೆ ಸೇರಿದಳು. “ಒಂದು ತಿಂಗಳು ನೋಡ್ತೀನಿ. ಗಿರಾಕಿ ಒಬ್ಬ ಮುಖ ಊದಿಸ್ಕೊಂಡು ಹೋದ್ರೂ ನೀನು ಮನೆಗೆ” ಎಂದು ಅಂಗಡಿಯ ಯಜಮಾನರು ಮೊದಲೇ ಹೇಳಿದ್ದರು. ಕೆಲಸ ಕಲಿಸುವ ಹೊಣೆ ಅಣ್ಣನದು. ಬಂದ ದಿನವೇ ಅವಳು ಮ್ಯಾನೇಜರನ್ನು ನೆಲದ ಮೇಲೆ ಕಂಡಳು. ಅಲ್ಲೇ ಏನಾದರೂ ಅಂದುಬಿಟ್ಟಿದ್ದರೆ ವಾಸಿಯಿತ್ತು. ರಾತ್ರಿ ಊಟಕ್ಕೆ ಕೂತಾಗ, “ಅಮ್ಮಾ, ಮ್ಯಾನೇಜರ್ ಸಾಹೇಬ್ರಿಗೆ ಇನ್ನೊಂಚೂರು ಬಡಿಸು, ಪಾಪ ದಣಿದಿದಾರೆ” ಎಂದಳು. ಅವನು ತಟ್ಟೆಯಿಂದ ತಲೆ ಎತ್ತದೆ ಬೇಗಬೇಗ ಉಂಡೆದ್ದ.

ಅಂಗಡಿ ಕಿಕ್ಕಿರಿದಿದ್ದ ಒಂದು ಸಂಜೆ, ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ದಢೂತಿ ಆಸಾಮಿಯೊಬ್ಬ ಬಂದು ಕೂತ. ಅಣ್ಣನ ಕೈಗೆ ಬಿಡುವಿರಲಿಲ್ಲ, ತಂಗಿ ಹೋದಳು.

“ಏಯ್, ಕಪ್ಪು ಶೂ ತಗೊಂಬಾ.”

ತಂದಳು. ಇದು ಬಿಗಿ, ಅದು ಸಡಿಲ, ಇನ್ನೊಂದು ಮುದುಕರದ್ದು. ಡಬ್ಬಗಳ ಗೋಡೆಯೇ ಎದ್ದಿತು. ಬೇಡವಾದ ಶೂವನ್ನು ಅವನು ಕೈಯಿಂದ ತೆಗೆಯುತ್ತಿರಲಿಲ್ಲ. ಕಾಲು ಝಾಡಿಸುತ್ತಿದ್ದ, ಅದು ಹೋಗಿ ಬಿದ್ದಲ್ಲಿ ಬೀಳುತ್ತಿತ್ತು. ಒಂದು ಅವಳ ಭುಜಕ್ಕೇ ಬಡಿಯಿತು. ಅವನು ಫೋನಿನಿಂದ ತಲೆ ಎತ್ತದೆ ಕಾಲು ಮುಂದೆ ಚಾಚಿ, “ಹೂಂ, ಮುಂದಿನದು ಹಾಕು” ಎಂದ.

ಅವಳು ಎದ್ದು ನಿಂತಳು. ಹೊಸ ಶೂವನ್ನು ಅವನ ಕಾಲ ಬಳಿ ಇಟ್ಟಳು.

“ನೀವೇ ಹಾಕ್ಕೊಳ್ಳಿ ಸರ್.”

“ಏನಂದೆ?”

“ಕಾಲು ನಿಮ್ದೇ ಅಲ್ವಾ? ಕೈನೂ ಇದೆಯಲ್ಲ.”

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಿಟ್ಟು ನೆತ್ತಿಗೇರಿದ ಆಸಾಮಿ, ಲೇಸನ್ನೂ ಸಡಿಲಿಸದೆ ಪಾದವನ್ನು ಒಳಕ್ಕೆ ತುರುಕಿ ನೆಲಕ್ಕೆ ದಬದಬ ಗುದ್ದಿದ. ಹೋಗುವುದೇನೋ ಹೋಯಿತು. ವಾಪಸು ಬರಲಿಲ್ಲ. ಎಳೆದ, ಒದರಿದ, ಮುಖ ಕೆಂಪೇರಿತು. “ಯಾರ್ರೀ ಇಲ್ಲಿ ಓನರ್ರು?”

ಯಜಮಾನರು ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬಂದರು.

“ಸೊಕ್ಕು ನೋಡ್ರೀ ಈ ಹುಡುಗೀದು! ಕಾಲು ಹಿಡಿದು ಸಾರಿ ಕೇಳ್ಲಿ, ಆಮೇಲೆ ಇದನ್ನ ಬಿಚ್ಲಿ.”

ಯಜಮಾನರು ಮ್ಯಾನೇಜರನ ಕಡೆ ತಿರುಗಿದರು. “ಬಾರಯ್ಯ ಇಲ್ಲಿ. ತಂಗಿ ಪರವಾಗಿ ನೀನೇ ಸಾರಿ ಕೇಳಿ ಬಿಚ್ಚು. ಇಲ್ಲಾಂದ್ರೆ ಅವಳು ಈಗ್ಲೇ ಬ್ಯಾಗ್ ತಗೊಂಡು ಹೊರಡ್ಲಿ.”

ಅವನು ಹುಲಿಯಂತೆ ಗರ್ಜಿಸಿದ ಎಂದು ಹೇಳಲು ನಮಗೂ ಆಸೆ. ನಡೆದದ್ದು ಬೇರೆ. ಅವನ ಅಪ್ಪಣೆಗೂ ಕಾಯದೆ ಅವನ ಮಂಡಿಗಳು ಆಗಲೇ ಅರ್ಧ ಮಡಚಿಕೊಂಡಿದ್ದವು. ಆಗ ಪಕ್ಕದಿಂದ ತಂಗಿಯ ದನಿ ಕೇಳಿತು. ಅದರಲ್ಲಿ ಕುಚೋದ್ಯವಿರಲಿಲ್ಲ.

“ಅಣ್ಣಾ, ನನ್ನ ಕೆಲಸ ಹೋದ್ರೆ ಹೋಗ್ಲಿ. ನೀನು ಕೂರಬೇಡ.”

ಮಂಡಿ ಲಟಕ್ಕೆಂದಿತು. ಅವನು ನೆಟ್ಟಗಾದ. “ಆಗಲ್ಲ ಸರ್” ಎಂದ, ದನಿ ಕೋಳಿಮರಿಯದ್ದಾಗಿತ್ತು. ಗಂಟಲು ಸರಿಮಾಡಿಕೊಂಡು ಮತ್ತೆ ಹೇಳಿದ: “ಆಗಲ್ಲ. ಇವ್ರು ಝಾಡಿಸಿದ ಶೂ ಅವಳ ಭುಜಕ್ಕೆ ಬಿತ್ತು. ಮೊದ್ಲು ಇವ್ರು ಸಾರಿ ಕೇಳ್ಲಿ. ಅಲ್ಲೀವರೆಗೂ ಅದು ಕಾಲಲ್ಲೇ ಇರ್ಲಿ ಬಿಡಿ, ಚೆನ್ನಾಗೇ ಒಪ್ಪುತ್ತೆ.”

ಯಾರೋ ಕಿಸಕ್ಕೆಂದರು. ಯಜಮಾನರು ಹಲ್ಲು ಕಚ್ಚಿ, ಹೊಟ್ಟೆಯನ್ನು ಹೇಗೋ ಸಂಭಾಳಿಸಿಕೊಂಡು ತಾವೇ ಕೆಳಗೆ ಕೂತು ಶೂ ಹಿಡಿದು ಎಳೆದರು. ಆಸಾಮಿ ಆಸರೆಗೆಂದು ಇನ್ನೊಂದು ಕಾಲನ್ನೆತ್ತಿ ಅವರ ಭುಜದ ಮೇಲೆ ಊರಿದ. “ಜೋರಾಗಿ ಎಳೀರಿ, ಊಟ ಮಾಡಿಲ್ವಾ?”

ಯಜಮಾನರು ಎಳೆಯುವುದನ್ನು ನಿಲ್ಲಿಸಿದರು. ಇಸ್ತ್ರಿ ಮಾಡಿದ ಅಂಗಿಯ ಮೇಲಿದ್ದ ಕಾಲುಚೀಲವನ್ನು ನೋಡಿದರು.

“ಕಾಲು ಇಳಿಸ್ರೀ” ಎಂದು ಮೇಲೆದ್ದರು.

ಆಸಾಮಿ ಕೊನೆಗೆ ತಾನೇ ಏದುಸಿರು ಬಿಡುತ್ತ ಕಾಲುಚೀಲದ ಸಮೇತ ಶೂ ಕಿತ್ತೆಸೆದು ಹೋದ. ಸಾರಿ ಕೇಳಲಿಲ್ಲ. ಅಂಥವರು ಎಲ್ಲಿ ಕೇಳುತ್ತಾರೆ! ಯಜಮಾನರಿಗೂ ಮುಖ ಉಳಿಸಿಕೊಳ್ಳಬೇಕಿತ್ತು. “ನಾಳೆಯಿಂದ ಇಬ್ರೂ ಈ ಕಡೆ ತಲೆ ಹಾಕ್ಬೇಡಿ” ಎಂದುಬಿಟ್ಟರು.

ಮರುದಿನ ಅವರು ಬೀಗದ ಕೈಗೊಂಚಲು ಕುಲುಕುತ್ತ ಬಂದಾಗ ಶಟರ್ ಮುಂದೆ ಅಣ್ಣ ತಂಗಿ ಇಬ್ಬರೂ ನಿಂತಿದ್ದರು.

“ಬರಬೇಡಿ ಅಂದಿದ್ನಲ್ಲ?”

“ಅಂದ್ರಿ. ಬಂದ್ವಿ” ಎಂದಳು ತಂಗಿ.

“ನೆಲದ ಮೇಲೆ ಕೂರಲ್ಲ ಅಂತ ಹೇಳೋಕೂ ಬಂದ್ವಿ. ಸ್ಟೂಲ್ ಕೊಡಿ ಸರ್, ಕೂತು ತೊಡಿಸ್ತೀವಿ. ಕಾಲು ಝಾಡಿಸೋರಿಗೆ ಅದೂ ಇಲ್ಲ” ಎಂದ ಅಣ್ಣ. ಈ ಸಲ ದನಿ ಅವನದ್ದೇ ಆಗಿತ್ತು.

ಯಜಮಾನರು ಇಬ್ಬರನ್ನೂ ಗುರಾಯಿಸಿದರು. ಭುಜವನ್ನೊಮ್ಮೆ ಒರೆಸಿಕೊಂಡರು. ಆಮೇಲೆ ಕೈಗೊಂಚಲನ್ನು ಅವನತ್ತ ಎಸೆದು, “ಎಷ್ಟು ಸ್ಟೂಲ್?” ಎಂದು ಗೊಣಗಿದರು.

“ಎರಡು.”

ಶಟರ್ ಎತ್ತಲು ಅಣ್ಣ ಬಗ್ಗಲೇಬೇಕಾಯಿತು. ಅದಕ್ಕೆ ತಂಗಿಯ ಅಭ್ಯಂತರವಿರಲಿಲ್ಲ.