ಗಂಟಲಲ್ಲಿ ಬೆಳೆದ ಶೇಂಗಾ

ಒಂದು ವರ್ಷ ರಾಯಲಸೀಮೆಯಲ್ಲಿ ಶೇಂಗಾ ಇದ್ದಕ್ಕಿದ್ದಂತೆ ವಿಪರೀತ ಬೆಳೆಯಿತು. ಮಳೆ ಹೆಚ್ಚಾಗಿರಲಿಲ್ಲ, ರೈತರು ಹೊಸದೇನನ್ನೂ ಬಿತ್ತಿರಲಿಲ್ಲ. ಬೆಳೆಸಿದವನು ನಾನು. ಹೈದರಾಬಾದಿನ ಒಂದು ಕಚೇರಿಯ ಎರಡನೇ ಮಹಡಿಯಲ್ಲಿ ಕೂತು, ಬರೀ ಗಂಟಲಿನಿಂದ, ಒಂದೇ ಒಂದು ಫೋನಿನಲ್ಲಿ ಬೆಳೆಸಿದೆ. ತಪ್ಪು ಯಾರದೆಂದು ಕೊನೆಯವರೆಗೆ ಹುಡುಕುವ ಕಷ್ಟ ನಿಮಗೆ ಬೇಡ ಅಂತ ಮೊದಲೇ ಹೇಳಿಬಿಟ್ಟೆ.

ನನಗಾಗ ಇಪ್ಪತ್ತಮೂರು. ಕಂಡವರ ದನಿ ಕದಿಯುವುದೊಂದೇ ನನಗೆ ಬರುತ್ತಿದ್ದ ವಿದ್ಯೆ. ಕುಷಾಯಿಗೂಡದ ನಮ್ಮ ಮನೆಯಲ್ಲಿ ನಾನು ಒಳಕೋಣೆಯಿಂದ ಅಪ್ಪನ ಹಾಗೆ "ಚಾ ಆತೇನು?" ಎಂದರೆ ಅವ್ವ ಕಪ್ಪು ಹಿಡಿದು ಬಂದು ಖಾಲಿ ಕುರ್ಚಿಯ ಮುಂದೆ ನಿಲ್ಲುತ್ತಿದ್ದಳು. ಅಪ್ಪ ಇನ್ನೂ ಕಾರ್ಖಾನೆಯಲ್ಲೇ ಇರುತ್ತಿದ್ದ. ಆ ಚಹಾ ಕುಡಿದೇ ನಾನು ಬೆಳೆದದ್ದು. ನನ್ನ ಸ್ವಂತ ದನಿ ಮಾತ್ರ ನನಗೆ ಅಷ್ಟಾಗಿ ರೂಢಿಯಿರಲಿಲ್ಲ. ಹೆದರಿದಾಗಲಂತೂ ಎದುರಿಗಿದ್ದವರ ದನಿಯೇ ಬಾಯಿಗೆ ಬರುತ್ತಿತ್ತು. ನೌಕರಿಯ ಸಂದರ್ಶನದಲ್ಲಿ, ಪ್ರಶ್ನೆ ಕೇಳಿದವರ ಹಾಗೆಯೇ ಮೂಗಿನಿಂದ ಉತ್ತರ ಕೊಟ್ಟೆ. ತಮ್ಮೂರ ಹುಡುಗನಿರಬೇಕು ಎಂದುಕೊಂಡರೋ ಏನೋ, ಹಂಗಾಮಿ ಗುಮಾಸ್ತನನ್ನಾಗಿ ತಗೊಂಡರು.

ಎಣ್ಣೆಕಾಳುಗಳ ಲೆಕ್ಕ ಇಡುವ ಕಚೇರಿ ಅದು. ಸಾಹೇಬರು ರಾಯಚೂರು ಕಡೆಯವರು. ನಮ್ಮ ವಿಭಾಗ ನೋಡಿಕೊಳ್ಳುತ್ತಿದ್ದವರು ಕಲಬುರಗಿ ಮೂಲದ ಒಬ್ಬ ಹಿರಿಯ ಹೆಣ್ಣುಮಗಳು. ಸಾಹೇಬರೂ ಸೇರಿ ಎಲ್ಲರೂ ಅವರನ್ನು ಅಕ್ಕಾವ್ರು ಅಂತಲೇ ಕರೆಯುತ್ತಿದ್ದರು. ವರ್ಷಕ್ಕೊಮ್ಮೆ ಅವರು ಮಾಡುವ ಲೆಕ್ಕದ ಪಟ್ಟಿಯನ್ನು, ಅಂದರೆ ತಃಖ್ತೆಯನ್ನು, ನನಗೆ ಅಡುಗೆಮನೆಯ ಮಾತಿನಲ್ಲಿ ಕಲಿಸಿದರು. "ಡಬ್ಬಿಯಾಗ ಮೊದಲ ಎಷ್ಟಿತ್ತು, ಹೊಲದಿಂದ ಎಷ್ಟು ಬಂತು, ಹೊರಗಿಂದ ಎಷ್ಟು ತಂದ್ರು, ಇದು ಎಡಕ. ಗಾಣಕ್ಕ ಎಷ್ಟು ಹೋತು, ಬಿತ್ತಾಕ ಎಷ್ಟಿಟ್ರು, ಮಂದಿ ಹಂಗ ಎಷ್ಟು ತಿಂದ್ರು, ಡಬ್ಬಿಯಾಗ ಎಷ್ಟುಳೀತು, ಇದು ಬಲಕ. ಎರಡೂ ಕಡೆ ಕೂಡಬೇಕು. ಕೂಡಲಿಲ್ಲಂದ್ರ ಯಾರೋ ಸುಳ್ಳು ಹೇಳ್ಯಾರಂತ ತಿಳಿ."

ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಉದ್ದನೆಯ ಗೆರೆಹಾಳೆ. ಅದರಲ್ಲಿ ವರ್ಷವರ್ಷದ ಬೆಳೆ: ತೆಲಂಗಾಣದ ಔಡಲ ಹರಳಿಗೆ ಹಸಿರು ಗೆರೆ, ಕರಾವಳಿ ಜಿಲ್ಲೆಗಳ ಎಳ್ಳಿಗೆ ಕಪ್ಪು, ರಾಯಲಸೀಮೆಯ ಶೇಂಗಾಕ್ಕೆ ಕೆಂಪು. ಅಕ್ಕಾವ್ರಿಗೆ ಆ ಗೆರೆಗಳೆಲ್ಲ ಮನೆಮಂದಿಯಿದ್ದಂತೆ. "ಔಡಲ ಹಿರೇಮಗನ ಹಂಗ, ಏರೂದಿಲ್ಲ, ಇಳಿಯೂದಿಲ್ಲ. ಈ ಶೇಂಗಾ ಐತಿ ನೋಡು, ಸಿಟ್ಟಿನ ಅಳಿಯ. ಮಳಿ ಒಂದು ವಾರ ತಡಾ ಆದ್ರ ಮಾರಿ ಕೆಳಗ." ಅಂಕಿ ಬರುವ ಮೊದಲೇ ಈ ವರ್ಷ ಗೆರೆ ಎಲ್ಲಿಗೆ ಬರಬಹುದೆಂದು ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಿದ್ದರು. ಬಂದ ಅಂಕಿ ಆ ಚುಕ್ಕಿಯ ಆಸುಪಾಸಿನಲ್ಲೇ ಕೂರುತ್ತಿತ್ತು.

ಇನ್ನೊಂದು ನಿಯಮವಿತ್ತು. ಶೇಂಗಾದ ಮಾದರಿ ಚೀಲ ಬಂದರೆ ಜವಾನ ಅದನ್ನು ಸುಲಿದು ತೂಗಬೇಕು, ಆಮೇಲೆಯೇ ಅಕ್ಕಾವ್ರು ಬರೆಯುವುದು. "ಸುಲೀಲಾರದ ಬರೀಬಾರದು" ಎನ್ನುತ್ತಿದ್ದರು. ಆ ಕೆಲಸದಲ್ಲಿ ನನ್ನ ಪಾಲು, ತೂಕ ಮುಗಿದ ಮೇಲೆ ತಿನ್ನುವುದು. ಯಾಕೆ ಸುಲಿಯುತ್ತಾರೆಂದು ಕೇಳಲು ಬಾಯಿ ಖಾಲಿ ಇರುತ್ತಿರಲಿಲ್ಲ.

ಆ ವರ್ಷ ರಾಯಲಸೀಮೆಯ ಅಂಕಿಯೊಂದೇ ಬಂದಿರಲಿಲ್ಲ. ಮರುದಿನ ಹನ್ನೊಂದಕ್ಕೆ ಸಭೆ. ಹಬ್ಬಕ್ಕೆ ಯಾವ ಸೀಮೆಯ ರೇಷನ್ ಅಂಗಡಿಗೆ ಎಷ್ಟು ಪಾಮ್ ಎಣ್ಣೆ ಎಂಬುದು ಅಕ್ಕಾವ್ರ ತಃಖ್ತೆ ನೋಡಿಯೇ ತೀರ್ಮಾನವಾಗುತ್ತಿತ್ತು. ಅಕ್ಕಾವ್ರು ಊಟಕ್ಕೆ ಹೋಗಿದ್ದರು. ಸಾಹೇಬರು ಜೀಡಿಮೆಟ್ಲಾ ಕಡೆ ಒಂದು ಮಿಲ್ಲು ನೋಡಲು ಹೋಗಿದ್ದರು. ಫೋನು ಒಂಟಿಯಾಗಿತ್ತು. ನಾನೂ.

ಅಕ್ಕಾವ್ರಿಗೆ ಉಪಕಾರ ಮಾಡೋಣ ಎನಿಸಿತು. ರಾಯಲಸೀಮೆಯ ಅಧಿಕಾರಿಗೆ ಫೋನು ಹಚ್ಚಿ ಎರಡು ಸಲ ಕೆಮ್ಮಿದೆ. ಸಾಹೇಬರ ಮಾತು ಶುರುವಾಗುವುದೇ ಕೆಮ್ಮಿನಿಂದ.

"ಏನ್ರೀ, ಅಂಕಿ ಕಳಸ್ತೀರೋ, ನಾನೇ ಬಂದು ಹೊತ್ಕೊಂಡು ಹೋಗ್ಲ್ಯೋ?"

ಆ ಕಡೆ ಕುರ್ಚಿ ಹಿಂದೆ ಸರಿದ ಸದ್ದು. ಮನುಷ್ಯ ಎದ್ದು ನಿಂತಿದ್ದ! ನನ್ನ ಜೀವನದಲ್ಲಿ ನನಗಾಗಿ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು.

"ಸಾಯಂಕಾಲದೊಳಗೆ ಕೊಡ್ತೀನಿ ಸಾರ್" ಎಂದರು. ಗಡಿಯ ಕಡೆಯ ಕನ್ನಡದವರು ಅವರು. "ಕಾಯಿ ಲೆಕ್ಕ ಕೊಡ್ಲಾ ಸಾರ್, ಬೀಜದ ಲೆಕ್ಕ ಕೊಡ್ಲಾ? ನಮ್ಮೋರು ಇನ್ನೂ ಸುಲಿದಿಲ್ಲ."

ನನಗೆ ಉತ್ತರ ಗೊತ್ತಿರಲಿಲ್ಲ. ಆದರೆ ಸಾಹೇಬರ ದನಿಯಲ್ಲಿ ಇರುವಾಗ "ಗೊತ್ತಿಲ್ಲ" ಎನ್ನಲಾದೀತೇ?

"ಇಷ್ಟು ವರ್ಷ ನೌಕರಿ ಮಾಡಿ ಇದನ್ನೂ ನನಗ ಕೇಳ್ತೀರೇನ್ರಿ? ಇದ್ದದ್ದು ಇದ್ದಂಗ ಕೊಡ್ರಿ!" ಎಂದು ಫೋನು ಕುಕ್ಕಿದೆ.

ನಾಲ್ಕಕ್ಕೆ ಅಂಕಿ ಬಂತು. ಅಕ್ಕಾವ್ರು ಖುಷಿಯಿಂದ ಕೆಂಪು ಪೆನ್ಸಿಲ್ಲು ಹಿಡಿದು ಗೋಡೆಯ ಹತ್ತಿರ ಹೋದರು. ಗೆರೆ ಚುಕ್ಕಿಯನ್ನು ದಾಟಿತು, ಹಳೆಯ ಗೆರೆಗಳನ್ನೆಲ್ಲ ದಾಟಿತು.

"ಅಲ್ಲೋ ತಮ್ಮಾ, ಅಳಿಯ ಮಾಳಿಗಿ ಏರಿ ಕುಂತಾನಲ್ಲೋ!"

ಕೂಡಲೇ ರಾಯಲಸೀಮೆಗೆ ಫೋನು ಹಚ್ಚಿದರು. ಅಧಿಕಾರಿಗಳು "ಸಾಹೇಬರೇ ಮಾತಾಡಿ, ಹೀಗೇ ಕೊಡಿ ಅಂದ್ರು ಮೇಡಂ" ಎಂದರಂತೆ. ಮುಂದೆ ಕೇಳುವಷ್ಟರಲ್ಲಿ ಲೈನು ಕಡಿಯಿತು, ಮತ್ತೆ ಹತ್ತಲಿಲ್ಲ. ಅಕ್ಕಾವ್ರು ಮತ್ತೆ ಗೋಡೆಯ ಹತ್ತಿರ ಹೋದರು. ಆಮೇಲೆ ರಬ್ಬರು ತಗೊಂಡು ತಾವೇ ಇಟ್ಟ ಚುಕ್ಕಿಯನ್ನು ಒರೆಸಿದರು.

"ಸಾಹೇಬ್ರು ಹೇಳ್ಯಾರಂದ್ರ ಏನೋ ಇರಬೇಕು. ಅವರು ಹೇಳಿದ್ದನ್ನ ಮತ್ತ ಅವರಿಗೆ ಹೆಂಗ ಕೇಳೂದು? ನನಗ ವಯಸ್ಸಾತು ಕಾಣ್ತದ." ತಃಖ್ತೆಗೆ ಅಂಕಿ ಏರಿಸಿದರು. "ಸೀಮೆಯವರಿಗೆ ಹಬ್ಬಕ್ಕ ಪಾಮ್ ಎಣ್ಣಿ ಇಲ್ಲ ಹಂಗಂದ್ರ. ಇರಲಿ, ಮನಿ ತುಂಬ ಶೇಂಗಾ ಐತೆಲ್ಲ ಅವರಿಗೆ."

ನನ್ನ ಬಾಯಲ್ಲಿದ್ದ ಶೇಂಗಾ ಅಲ್ಲೇ ನಿಂತಿತು.

ಮರುದಿನ ಬಸ್ಸಿನಲ್ಲಿ ತಪ್ಪೊಪ್ಪಿಕೊಳ್ಳುವುದನ್ನು ಅಭ್ಯಾಸ ಮಾಡಿದೆ. ಅಪ್ಪನ ದನಿಯಲ್ಲಿ ಹೇಳಿದರೆ ಎದುರಿನವರನ್ನೇ ಬೈದಂತೆ ಕೇಳಿಸಿತು. ಅವ್ವನ ದನಿಯಲ್ಲಿ ಅಳು ಬಂತು. ಜವಾನನ ದನಿಯಲ್ಲಿ ಹೇಳುತ್ತಿದ್ದಾಗ ಕಂಡಕ್ಟರು "ಕ್ಯಾ ಮಿಯಾ, ತಬಿಯತ್ ಠೀಕ್ ಹೈ?" ಎಂದು ನನ್ನ ಆರೋಗ್ಯ ವಿಚಾರಿಸಿದ.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಅಕ್ಕಾವ್ರು ಫೈಲು ಅಪ್ಪಿಕೊಂಡು ಸಭೆಯ ಕೋಣೆಯ ಕಡೆ ಹೊರಟಿದ್ದರು. ಎಂದಿನ ನಡಿಗೆ ಇರಲಿಲ್ಲ, ಯಾರದೋ ಸಾಮಾನು ಹೊತ್ತವರಂತೆ ನಡೆಯುತ್ತಿದ್ದರು. ನಾನು ಅಡ್ಡ ನಿಂತೆ.

"ಅಕ್ಕಾವ್ರ, ಫೋನು ಮಾಡಿದ್ದು ಸಾಹೇಬ್ರಲ್ರಿ. ನಾನು."

"ಹುಚ್ಚಾ, ಬಾಜೂಕ ಸರಿ. ಸಾಹೇಬ್ರ ದನಿ ಆ ಅಧಿಕಾರಿಗೆ ಗೊತ್ತಾಗೂದಿಲ್ಲೇನು?"

ನಂಬಿಸಲು ಬೇರೆ ದಾರಿ ಇರಲಿಲ್ಲ. ಎರಡು ಸಲ ಕೆಮ್ಮಿ, "ಇದ್ದದ್ದು ಇದ್ದಂಗ ಕೊಡ್ರಿ!" ಎಂದೆ.

ಸಭೆಯ ಕೋಣೆಯೊಳಗೆ ಒಂದು ಕುರ್ಚಿ ಬಿತ್ತು. "ಬಂದೆ ಸಾರ್!" ಎನ್ನುತ್ತ ರಾಯಲಸೀಮೆಯ ಅಧಿಕಾರಿಗಳೇ ಹೊರಗೆ ಓಡಿಬಂದರು, ರಾತ್ರಿ ಬಸ್ಸು ಹಿಡಿದು ಸಭೆಗೆ ಬಂದಿದ್ದರು. ಅದೇ ಹೊತ್ತಿಗೆ ಎದುರಿನ ಬಾಗಿಲಿನಿಂದ ನಿಜವಾದ ಸಾಹೇಬರು ಬಂದರು. ಅಧಿಕಾರಿಗಳು ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಯಾರಿಗೆ ನಮಸ್ಕಾರ ಮಾಡಬೇಕೆಂದು ತಿಳಿಯದೆ ಗೋಡೆಗೆ ಮಾಡಿದರು.

ಅಕ್ಕಾವ್ರು ನನ್ನನ್ನು ಬೈಯಲಿಲ್ಲ. ಮೊದಲು ಅಧಿಕಾರಿಗಳ ಕಡೆ ತಿರುಗಿದರು.

"ನೀವು ಕೊಟ್ಟದ್ದು ಕಾಯಿದ್ದೋ, ಬೀಜದ್ದೋ?"

"ಕಾಯಿದ್ದೇ ಮೇಡಂ. ಪ್ರತಿ ವರ್ಷ ಬೀಜದ್ದು ಕೊಡ್ತಿದ್ವಿ. ಸಾಹೇಬರು... ಅಂದ್ರೆ ಈ ಸಾಹೇಬರು..." ಎಂದು ನನ್ನತ್ತ ಬೆರಳು ಮಾಡಿದರು.

ಅಕ್ಕಾವ್ರು ಅಲ್ಲೇ ಬೆಂಚಿನ ಮೇಲೆ ಕೂತು ಪೆನ್ಸಿಲ್ಲು ತೆಗೆದರು. ನೂರು ಕಿಲೋ ಕಾಯಿ ಸುಲಿದರೆ ಬೀಜ ಎಪ್ಪತ್ತರ ಸುತ್ತಮುತ್ತ, ಉಳಿದದ್ದು ಸಿಪ್ಪೆ. ಇಡೀ ಒಂದು ಸೀಮೆಯ ಸಿಪ್ಪೆಯನ್ನು ನಾನು ಎಣ್ಣೆ ತೆಗೆಯಲು ಗಾಣಕ್ಕೆ ಕಳಿಸಿದ್ದೆ. ಸಾಹೇಬರು ಬಾಗಿ ನೋಡುತ್ತ ನಿಂತರು, ಒಳಗೆ ಸಭೆ ಕಾಯುತ್ತಿತ್ತು. ಲೆಕ್ಕ ಮುಗಿಸಿ ಅಕ್ಕಾವ್ರು ಎದ್ದರು, ದಡದಡ ತಮ್ಮ ಕೋಣೆಗೆ ಹೋಗಿ, ನಾವೆಲ್ಲ ಹಿಂದೆ ಬರುತ್ತಿದ್ದಂತೆ, ಗೋಡೆಯ ಹಾಳೆಯ ಮೇಲೆ ಹೊಸ ಚುಕ್ಕಿ ಇಟ್ಟರು. ನಿನ್ನೆ ರಬ್ಬರಿನಿಂದ ಒರೆಸಿದ ಚುಕ್ಕಿಯ ಮಾಸಲು ಗುರುತು ಇನ್ನೂ ಇತ್ತು. ಹೊಸದು ಅದರ ಮಗ್ಗುಲಿಗೇ ಹೋಗಿ ಕೂತಿತು.

"ವಯಸ್ಸೇನೂ ಆಗಿಲ್ಲ ನನಗ" ಎಂದರು, ಯಾರಿಗೂ ಅಲ್ಲ, ಹಾಳೆಗೆ. ಸೀಮೆಯವರಿಗೆ ಪಾಮ್ ಎಣ್ಣೆ ಬರುವುದು ಆ ಕ್ಷಣವೇ ಖಾತ್ರಿಯಾಯಿತು.

ಈಗ ಎಲ್ಲರೂ ನನ್ನತ್ತ ತಿರುಗಿದರು. ಹೆದರಿದರೆ ನನ್ನ ಗಂಟಲು ಏನು ಮಾಡುತ್ತದೆಂದು ಮೊದಲೇ ಹೇಳಿದ್ದೇನಲ್ಲ. ತಾನಾಗಿಯೇ ಎರಡು ಸಲ ಕೆಮ್ಮು ಬಂತು. "ತಪ್ಪಾತ್ರಿ" ಎಂದೆ. ಅಪ್ಪಟ ಸಾಹೇಬರ ದನಿ.

"ನೋಡ್ರಿ, ನೋಡ್ರಿ!" ಸಾಹೇಬರು ಕೆಂಪಾದರು. "ತಪ್ಪಾತು ಅನ್ನೂದೂ ನನ್ನ ದನಿಯಾಗ! ಅಕ್ಕಾವ್ರ, ನೀವೇ ಹೇಳ್ರಿ. ಈ ತಿಂಗಳ ಕೊನಿಗೆ ಇಂವನ್ನ ಇಟ್ಕೊಳ್ಳೂದೋ ಕಳಸೂದೋ ಬರೀಬೇಕು. ಏನಂತ ಬರೀಲಿ?"

ಅಕ್ಕಾವ್ರು ಫೈಲಿನ ದಾರ ಕಟ್ಟುತ್ತ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ಅವಸರ ಮಾಡಬ್ಯಾಡ್ರಿ ಸಾಹೇಬ್ರ. ಇಷ್ಟು ದಿನ ಬರೇ ಕಾಯಿ ನೋಡೀವಿ. ಒಂದು ವರ್ಷ ನನ್ನ ಕೈಯಾಗ ಕೊಡ್ರಿ, ಸುಲಿದು, ಒಳಗ ಬೀಜ ಎಷ್ಟೈತಿ ತೂಗಿ, ಆಮ್ಯಾಲ ಬರಿಯೂಣು."