ಡ್ರಮ್ ಮೇಷ್ಟ್ರ ಎಡಗೈ ಪಾಠ

ಮೇಷ್ಟ್ರ ಕಾಲಿಗೆ ಎರಡು ಬಣ್ಣ. ಮೊಣಕಾಲಿನಿಂದ ಕಾಲುಚೀಲದ ಅಂಚಿನವರೆಗೆ ಹುರಿದ ಕಾಫಿಬೀಜದ ಬಣ್ಣ, ಅಲ್ಲಿಂದ ಕೆಳಗೆ ಗೋಧಿಹಿಟ್ಟಿನ ಬಣ್ಣ. ಪ್ರಾಯದಲ್ಲಿ ಡ್ರಮ್ ಕೋರ್ ಎಂಬ ಕವಾಯತು ವಾದ್ಯತಂಡ ಸೇರಿ, ಬೇಸಿಗೆಯಿಡೀ ಬಸ್ಸಿನಲ್ಲಿ ಊರೂರು ಸುತ್ತಿ, ಶಾಲೆಗಳ ಜಿಮ್ಮಿನ ನೆಲದ ಮೇಲೆ ಮಲಗಿ, ಬಿಸಿಲಲ್ಲಿ ಕವಾಯತು ಮಾಡುತ್ತ ಸ್ನೇರ್ ಡ್ರಮ್ ನುಡಿಸಿದವರು. ಉಳಿದ ಬಿಸಿಲನ್ನು ಯೂನಿಯನ್ ಸಿಟಿಯಲ್ಲಿ, ನನ್ನ ಮಗಳ ಹೈಸ್ಕೂಲಿನ ಪಾರ್ಕಿಂಗ್ ಲಾಟಿನಲ್ಲಿ, ಮಕ್ಕಳಿಗೆ ಡ್ರಮ್ಮು ಕಲಿಸುತ್ತ ಕುಡಿದರು.

ಅವರಿಗೆ ಕನ್ನಡ ಬರುತ್ತದೆಂದು ತಿಳಿದದ್ದು ನನ್ನ ಬೈಗುಳದಿಂದ. ಆ ವರ್ಷ ನನಗೊಂದು ಸಣ್ಣ ಸ್ಟ್ರೋಕ್ ಆಗಿತ್ತು. ಮಾತು, ನಡಿಗೆ ಎಲ್ಲ ವಾಪಸು ಬಂದವು. ಎಡಗೈ ಮಾತ್ರ, ಮುಟ್ಟಿದ್ದೂ ತಿಳಿಯದೆ, ಮುನಿಸಿಕೊಂಡ ನೆಂಟನ ಹಾಗೆ ದೂರವೇ ಉಳಿಯಿತು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ನನ್ನ ಕೆಲಸ ಕಿರುಬೆರಳುದ್ದದ ಟ್ಯೂಬುಗಳದು. ಅವನ್ನು ಹಿಡಿಯಲಾಗದವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದರು. ಮತ್ತೆ ಲ್ಯಾಬಿನ ಬೆಂಚಿಗೆ, ಆ ಟ್ಯೂಬುಗಳ ಕೆಲಸಕ್ಕೆ, ಹೋಗುತ್ತೇನೋ ಇಲ್ಲವೋ ಎಂಬುದೊಂದೇ ನನ್ನ ತಲೆಯಲ್ಲಿ. ಒಂದು ಶನಿವಾರ ಡ್ರಮ್ಮಿನ ಮಕ್ಕಳಿಗೆ ನೀರಿನ ಕ್ಯಾನು ಎತ್ತಿಕೊಡಲು ಹೋಗಿ ಕೆಡವಿಬಿಟ್ಟೆ. "ಹಾಳಾದ್ ಕೈ, ಇದ್ದೂ ದಂಡ" ಎಂದು ಗೊಣಗಿದೆ.

"ಕೈಗ್ಯಾಕ ಬೈತೀರಿ ಅಕ್ಕಾರ? ಅದಕ್ಕೂ ಕೇಳಸ್ತದ."

ತಿರುಗಿ ನೋಡಿದರೆ ಮೇಷ್ಟ್ರು. ಹತ್ತು ವರ್ಷದ ಹುಡುಗನಾಗಿದ್ದಾಗ ಅಪ್ಪ ಅಮ್ಮನ ಜೊತೆ ಹುಬ್ಬಳ್ಳಿಯಿಂದ ಬಂದವರಂತೆ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಇಂಗ್ಲಿಷಿನಲ್ಲಿ ಇಡೀ ಡ್ರಮ್‌ಲೈನನ್ನು ನಡುಗಿಸುತ್ತಿದ್ದ ಮನುಷ್ಯ ಕನ್ನಡಕ್ಕೆ ಬಂದರೆ ಗೋಲಿಯಾಡುವ ಹುಡುಗನಾಗಿಬಿಡುತ್ತಿದ್ದರು. ಅದಕ್ಕಿಂತ ದೊಡ್ಡವರ ಕನ್ನಡ ಅವರಿಗೆ ಗೊತ್ತೇ ಇರಲಿಲ್ಲ.

ಕಾಯಿಲೆ ಏನೆಂದು ಅವರು ಕೇಳಲಿಲ್ಲ. ಒಂದು ರಬ್ಬರು ಪ್ಯಾಡು, ಒಂದು ಜೊತೆ ಕೋಲು ತಂದು ನನ್ನ ಕಾರಿನ ಬಾನೆಟ್ಟಿನ ಮೇಲಿಟ್ಟರು. "ಮಗಳು ಬರೂತನ ಕಾರ್‌ನ್ಯಾಗ ಕುಂತ್ ಏನ್ ಮಾಡ್ತೀರಿ? ಬಾರಸ್ರಿ."

ಯಾವ ಕೈ ಯಾವಾಗ ಬೀಳಬೇಕು ಎಂಬುದಕ್ಕೆ ಡ್ರಮ್ಮಿನವರಲ್ಲಿ ಸಣ್ಣ ಸಣ್ಣ ಬಾಲಪಾಠಗಳಿವೆ, ರೂಡಿಮೆಂಟ್ ಅನ್ನುತ್ತಾರೆ. ಮಕ್ಕಳಿಗೆಲ್ಲ ಸದ್ದು ಗುಡುಗುವ ರೋಲು, ಎರಡು ಕೋಲು ಒಂದರ ಬೆನ್ನಿಗೊಂದು ಬೀಳುವ ಫ್ಲ್ಯಾಮು ಇಷ್ಟ. ಮೇಷ್ಟ್ರಿಗೆ ಪ್ಯಾರಾಡಿಡಲ್. ಎಡ, ಬಲ, ಎಡ ಎಡ. ಆಮೇಲೆ ಬಲ, ಎಡ, ಬಲ ಬಲ. "ಅದ್ರಾಗ ಒಂದ ಕೈ ದೊಡ್ಡಸ್ತನ ಮಾಡಾಕ ಆಗೂದಿಲ್ರಿ. ಈ ಸಲ ಇದು ಮುಂದ, ಮುಂದಿನ ಸಲ ಅದು ಮುಂದ." ನಾನು ಬಲಗೈಯಿಂದ ಶುರು ಮಾಡಿದರೆ ಕೋಲನ್ನೇ ಹಿಡಿದು ನಿಲ್ಲಿಸುತ್ತಿದ್ದರು. "ಎಡಗೈಲೇ ಶುರು ಮಾಡ್ರಿ. ಬಲಗೈ ಮುಂದ ಹೋದ್ರ ಎಡಗೈ ಅದರ ಹಿಂದ ಅಡಗ್ತದ." ಪ್ಯಾಡಿನ ಮೇಲೆ ತಮ್ಮ ಅಂಗೈಯನ್ನು ಸೂರಿನ ಹಾಗೆ ಹಿಡಿಯುತ್ತಿದ್ದರು. ಎರಡು ಕೋಲೂ ಅಷ್ಟೇ ಎತ್ತರ ಏಳಬೇಕು, ಅವರ ಅಂಗೈಗೆ ತಾಗಬಾರದು. ತಾಗಿಸಿ ತಾಗಿಸಿ ಆ ಅಂಗೈಯನ್ನು ಎಷ್ಟು ಕೆಂಪು ಮಾಡಿದೆನೋ.

ಬಾಯಲ್ಲಿ ಹೇಳುತ್ತ ಬಾರಿಸಬೇಕು: ಪ್ಯಾ, ರಾ, ಡಿಡ್, ಡಲ್. ನಾಲ್ಕು ಪೆಟ್ಟು. ನನ್ನದು ಮಾತ್ರ ಪ್ರತಿ ಸಲ ಎಡವುತ್ತಿತ್ತು. ಕೈಯ ದೋಷವೆಂದೇ ನಾನು ಕುಗ್ಗಿದ್ದೆ. ಮೇಷ್ಟ್ರೂ ತಲೆ ಕೆರೆದುಕೊಂಡರು. ಕೊನೆಗೆ ಒಂದು ದಿನ, ಅಭ್ಯಾಸ ಮುಗಿಸಿ ಬಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ಮಗಳು ಅಂದಳು: "ಅಮ್ಮಾ, ಯೂ ಆರ್ ಸೇಯಿಂಗ್ ಲು. ದೇರ್ ಈಸ್ ನೋ ಲು."

ಹೌದಲ್ಲ. ಆಫೀಸು, ಮೀಟಿಂಗು ಅನ್ನುವ ನಾಲಿಗೆ ಇದೊಂದನ್ನು ಬಿಟ್ಟೀತೇ? ಪ್ಯಾ, ರಾ, ಡಿಡ್, ಡ, ಲು. ಆ ಐದನೆಯ ಪೆಟ್ಟನ್ನು ಬಲಗೈ ತಾನಾಗಿ ಹೊಡೆದುಕೊಳ್ಳುತ್ತಿತ್ತು. ಮೇಷ್ಟ್ರು ಕಾರಿಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ನಕ್ಕೆ, ಸ್ಟ್ರೋಕ್ ಆದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು. ಕೈಯಲ್ಲದೆ ನಾಲಿಗೆಯೂ ತಪ್ಪು ಮಾಡಬಲ್ಲದು ಎಂದು ಗೊತ್ತಾದರೆ ಎಷ್ಟು ಸಮಾಧಾನ.

ವರ್ಷ ತಿರುಗುವುದರೊಳಗೆ ಬೆಂಚಿಗೆ ವಾಪಸಾದೆ. ಮೇಷ್ಟ್ರಿಗೆ ಚಿತ್ರಾನ್ನ ಒಯ್ದುಕೊಟ್ಟೆ. ಕೋರಿನ ಅಭ್ಯಾಸ, ನಿಂತೇ ತಿಂದರು, ಯಾರೋ ಬಸ್ಸು ಹೊರಡಿಸುತ್ತಿದ್ದಾರೆ ಅನ್ನುವ ಹಾಗೆ. ಆಮೇಲೆ ಮಗಳು ಕಾಲೇಜಿಗೆ ಹೋದಳು, ನಾನು ಪಾರ್ಕಿಂಗ್ ಲಾಟಿಗೆ ಹೋಗುವುದು ನಿಂತಿತು. ಚಿತ್ರಾನ್ನ ಮಾತ್ರ ಆಗಾಗ ಹೋಗುತ್ತಿತ್ತು.

ಮೇಷ್ಟ್ರಿಗೆ ಕ್ಯಾನ್ಸರೆಂದು ತಿಳಿದು ಮನೆಗೆ ಹೋದಾಗ ಅವರು ಕಿಟಕಿಯ ಪಕ್ಕ ಒರಗಿ ಕೂತಿದ್ದರು. ಔಷಧಿಗೆ ಬೆರಳುಗಳು ಮರಗಟ್ಟಿದ್ದವು. ಕೋಲು ಹಿಡಿದರೆ ಜಾರುತ್ತಿತ್ತು. ಹೆಂಡತಿ ಒಳಗೆ ಹೋದ ಮೇಲೆ, ಅಷ್ಟು ವರ್ಷ ಕೇಳದ್ದನ್ನು ಕೇಳಿದರು.

"ಖರೇ ಹೇಳ್ರಿ ಅಕ್ಕಾರ. ಮುಟ್ಟಿದ್ದು ತಿಳಿಯಾಕ ನಿಮ್ ಕೈಗೆ ಎಷ್ಟ ದಿನ ಹಿಡೀತು?"

ಸುಳ್ಳು ಹೇಳಬಹುದಿತ್ತು. ಅವರ ಮುಖ ನೋಡಿ ಆಗಲಿಲ್ಲ. "ಅದು ಬರ್ಲೇ ಇಲ್ಲ ಮೇಷ್ಟ್ರೇ. ಈ ಎರಡು ಬೆರಳಿಗೆ ಇವತ್ತಿಗೂ ಏನೂ ಗೊತ್ತಾಗಲ್ಲ."

"ಮತ್ತ ಅಷ್ಟ ಚಂದ ಹೆಂಗ ಬಾರಸ್ತಿದ್ರಿ?"

"ಕೇಳಿಸ್ಕೊಂಡು. ಎರಡು ಕೈದೂ ಒಂದೇ ಥರ ಕೇಳ್ಸೋವರೆಗೂ ಹೊಡೀತಿದ್ದೆ. ಲ್ಯಾಬಲ್ಲೂ ಅಷ್ಟೇ, ಟ್ಯೂಬಿನ ಮುಚ್ಚಳ ಟಿಕ್ ಅಂದ್ರೆ ಕೂತಿದೆ ಅಂತ."

ಮೇಷ್ಟ್ರು ಮುಂದಕ್ಕೆ ಬಾಗಿ ನನ್ನ ಎಡಗೈಯನ್ನು ನೋಡಿದರು. ಕಲಿಸಿದವರಿಗೇ ಗೊತ್ತಿರಲಿಲ್ಲ. ಅವರ ಪಕ್ಕದಲ್ಲಿದ್ದ ರಬ್ಬರು ಪ್ಯಾಡಿನ ಸದ್ದು ಸಾಲದು ಅನ್ನಿಸಿ, ಚಿತ್ರಾನ್ನದ ಡಬ್ಬಿಗೆ ಮುಚ್ಚಿ ತಂದಿದ್ದ ಸ್ಟೀಲಿನ ತಟ್ಟೆಯನ್ನು ಅವರ ತೊಡೆಯ ಮೇಲೆ ಬೋರಲು ಹಾಕಿದೆ. ಕೋಲು ಜಾರಿತು, ಎತ್ತಿಕೊಟ್ಟೆ. ಮತ್ತೆ ಜಾರಿತು. ಆಮೇಲೆ ಎಡಗೈಯಿಂದ ಶುರು ಮಾಡಿದರು. ಒಂದು ಪೆಟ್ಟು ಜೋರು, ಒಂದು ಮೆತ್ತಗೆ. "ಛೀ, ಇದೇನ್ ಬಾರಸೂದು," ಎಂದು ಮಕ್ಕಳನ್ನು ಗದರುವ ಹಾಗೆ ತಮ್ಮ ಕೈಗಳನ್ನೇ ಗದರಿ ಮತ್ತೆ ಮೊದಲಿನಿಂದ ಹಿಡಿದರು. ನಾನು ಕಾರು ಹತ್ತುವಾಗಲೂ ಸದ್ದು ಕೇಳುತ್ತಿತ್ತು.

ಅವರನ್ನು ಮಣ್ಣು ಮಾಡಿ ಕೆಲವು ದಿನಗಳಾದ ಮೇಲೆ ಅವರ ಹೆಂಡತಿಯನ್ನು ನೋಡಲು ಹೋದೆ. ಬೆಂಗಳೂರಿನ ಶಿವಾಜಿನಗರದವರು, ಕನ್ನಡ ಮಾತಾಡುತ್ತಾರೆ, ಓದಲು ಬಾರದು. ತೊಳೆದು ಒರೆಸಿದ ತಟ್ಟೆಯನ್ನು ತಂದರು.

"ದಿನಾ ಬೆಳಿಗ್ಗೆ ಇದರ ಸದ್ದು ಬರ್ತಿತ್ತು. ಅಡುಗೆಮನೆಯಿಂದಾನೇ ಗೊತ್ತಾಗ್ತಿತ್ತು ನಂಗೆ, ಎದ್ದಿದಾರೆ ಅಂತ. ಕೊನೇಲಿ ಯಾವುದು ಯಾವ ಕೈ ಅಂತ ಹೇಳಕ್ಕೇ ಆಗ್ತಿರ್ಲಿಲ್ಲ. ಅಕ್ಕಾರಿಗೆ ಅದನ್ನ ಹೇಳು ಅಂದಿದ್ರು." ಆಮೇಲೆ ತಟ್ಟೆಯ ಬೆನ್ನು ತಿರುಗಿಸಿದರು. "ಇಲ್ಲೇನೋ ಕನ್ನಡದಲ್ಲಿ ಕೆತ್ತಿದೆಯಲ್ಲ, ಏನದು?"

"ನನ್ನ ಹೆಸರು. ಮದುವೆ ಪಾತ್ರೆಗಳ ಮೇಲೆಲ್ಲ ನಮ್ಮಮ್ಮ ಮೈಸೂರಲ್ಲಿ ಹಾಕಿಸಿದ್ದು."

ಅಕ್ಷರಗಳ ಮೇಲೆಲ್ಲ ಕೋಲಿನ ಗುರುತುಗಳು. ಅವರು ತಟ್ಟೆಯನ್ನು ನನ್ನ ಕಡೆ ಚಾಚಿದರೂ ಅಂಚನ್ನು ಬಿಟ್ಟಿರಲಿಲ್ಲ. ಇಲ್ಲೇ ಇರಲಿ ಅಂದೆ. ಮೇಷ್ಟ್ರಿಗೆ ನಾನೂ ಏನೋ ಕಲಿಸಿದೆನೆಂದು ಹೇಳಿಕೊಳ್ಳಲು ಈ ಊರಿನಲ್ಲಿ ಇರುವ ಗುರುತು ಆ ತಟ್ಟೆಯೊಂದೇ.