ಪರದೆಯ ಬಸ್‌ಸ್ಟಾಪಿನ ಜನ

ಮಳವಳ್ಳಿಯಲ್ಲಿ ನಮ್ಮ ಪಕ್ಕದ ಮನೆಯವರು ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದು ಕೆಲಸ ಬಿಟ್ಟವರು. ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟಕ್ಕೂ ಚಪ್ಪಲಿ ಕಳಚಿ, ಪರದೆಗೆ ಕೈಮುಗಿದೇ ಕೂರುತ್ತಿದ್ದರು. ಗ್ರಾಫಿಕ್ಸ್ ಕಾರ್ಡು ಹಳೆಯದಾಗಿ ಚಿತ್ರ ತಡವರಿಸುತ್ತಿತ್ತು. ಹೊಸದು ಹಾಕಿಸಿ ಎಂದಾಗಲೆಲ್ಲ, "ನೋಡವ ತಡೀಲಾ, ಓಡ್ತಾ ಐತಲ್ಲ" ಎನ್ನುತ್ತಿದ್ದರು.

ಹೊಸದರಲ್ಲಿ ಹೆಚ್ಚಿಗೆ ಏನು ಕಾಣುತ್ತದೋ ಎಂಬ ಕುತೂಹಲಕ್ಕೆ ಒಮ್ಮೆ ನನ್ನೊಡನೆ ಮಂಡ್ಯದ ಅಂಗಡಿಗೆ ಬಂದರು. ಅಂಗಡಿಯವನು ಹೊಸ ಕಾರ್ಡಿನಲ್ಲಿ ಅದೇ ಆಟ ಹಾಕಿಕೊಟ್ಟ. ಸ್ವಲ್ಪ ದೂರ ಹೋಗಿ ಬಸ್ಸು ನಿಲ್ಲಿಸಿಬಿಟ್ಟರು.

"ಯಾಕೆ, ಇಷ್ಟ ಆಗ್ಲಿಲ್ವಾ?" ಎಂದೆ.

ಅವರು ಪರದೆಯ ಬಸ್‌ಸ್ಟಾಪಿನತ್ತ ಬಾಗಿದ್ದರು.

"ನಮ್ದ್ರಲ್ಲಿ ಇವೆಲ್ಲ ಬರೀ ಬಣ್ಣದ ಚುಕ್ಕೆ ಕಣ್ಲಾ. ಇಲ್ಲಿ ಮುಖ ಕಾಣ್ತವೆ. ಆ ಅಜ್ಜಿ ಬಸ್ಸಿಗೆ ಕೈ ಅಡ್ಡ ಹಾಕ್ಕಂಡು ನಿಂತವ್ಳೆ. ಇಷ್ಟ್ ದಿನ ಎಷ್ಟು ಜನಾನ ಬುಟ್ಟು ಬಂದಿದ್ನೋ!"

ಆಟದ ಬಸ್ಸಿನ ಬಾಗಿಲು ತೆರೆದು, ಅಜ್ಜಿ ಹತ್ತಲೆಂದು ಕಾಯುತ್ತಲೇ ಅಂಗಡಿಯವನಿಗೆ, "ಇದ್ನೇ ಹಾಕ್ಬುಡಪ್ಪ" ಎಂದರು.